ಗ್ರೀನ್‌ಲಾನ ಹಂಪೆಯೂ ಚಿತ್ರಕಲಾಪಂಥವೂ

ಛಾಯಾಚಿತ್ರವು ಕಂಡುದನ್ನು ಕಂಡಂತೆ ಹೇಳುವುದೆಂದು ನಂಬಿ, ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು 1856ರಲ್ಲಿ ತೆಗೆದ ಹಂಪೆಯ ಚಿತ್ರಗಳನ್ನು ನಾವು ಕೇವಲ ಸಾಕ್ಷ್ಯವಾಗಿ ಓದುತ್ತಿರುವೆವು. ಇದು ಅರ್ಧಸತ್ಯ. ವಿಠ್ಠಲಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವಿದ್ದುದು ಅವನ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವುದು. ಆ ಉಪಕಾರವು ದೊಡ್ಡದು. ಆದರೆ ಪಾಳನ್ನು ರಮ್ಯವೆಂದು ಕಾಣುವ ಕಣ್ಣು ಕ್ಯಾಮೆರಾದಲ್ಲಿ ಹುಟ್ಟಿದುದಲ್ಲ. ಅದು 18ನೆಯ ಶತಮಾನದಲ್ಲಿ ವಿಲಿಯಂ ಗಿಲ್ಪಿನ್ನನು ಪ್ರತಿಪಾದಿಸಿದ ‘ಪಿಕ್ಚರೆಸ್ಕ್’ ಪಂಥದ ದಾಯವೆಂದೇ ನನ್ನ ಅಭಿಪ್ರಾಯ. ಮೇಣ ಹಾಯಿಸಿದ ಕಾಗದದ ನೆಗೆಟಿವ್ ಆ ದೃಷ್ಟಿಗೆ ನೆರವಾಯಿತು: ಬಹಳ ಹೊತ್ತು ಬೆಳಕಿಗೆ ಒಡ್ಡಬೇಕಾದುದರಿಂದ ನಡೆದಾಡುವ ಜನರು ಅಳಿಸಿಹೋಗುವರು, ಆಕಾಶವು ಬರಿದಾಗುವುದು. ಇದರಿಂದ ಅಂದಿನ ಹಂಪೆಯು ನಿರ್ಜನವಾಗಿತ್ತೆಂದು ಊಹಿಸುವವರು ಮೋಸಹೋಗುವರು. 1983ರಲ್ಲಿ ಜಾನ್ ಗಾಲಿಂಗ್ಸನು ಅವೇ ನೆಲೆಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ಹಳೆಯ ಚೌಕಟ್ಟನ್ನೂ ಒಪ್ಪಿಕೊಂಡಂತಾಯಿತು.

ಇದೇ ಸೀಮೆಯ ತೆಕ್ಕಲಕೋಟೆಯಲ್ಲಿ ಪ್ರಾಚೀನರು ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಗೂಳಿಗಳುಂಟು. ಅಲ್ಲಿ ಮುನ್ನೆಲೆಯಿಲ್ಲ, ದಿಗಂತವಿಲ್ಲ, ಬಂಡೆಯೇ ಚೌಕಟ್ಟು. ರಮ್ಯವಾದ ಪಾಳಿಗೆ ಬೇಸತ್ತ ಛಾಯಾಗ್ರಾಹಕನು ಹಂಪೆಯ ಗುಂಡುಗಲ್ಲುಗಳತ್ತ ಹೋಗುವ ಮುನ್ನ ಈ ಬೆಟ್ಟವನ್ನೇರಿ, ಇಳಿಹೊತ್ತಿನ ಓರೆಬೆಳಕಿನಲ್ಲಿ ಆ ರೇಖೆಗಳನ್ನು ನೋಡಬೇಕು.