ಸೊಂಟನೋವಿನ ಚೀಟಿ: ಒಂದೊಂದೇ ಸಾಲಿನ ವ್ಯಾಖ್ಯಾನ

ಬಹಳ ದಿನದ ಸೊಂಟನೋವಿಗೆ ಡಾಕ್ಟರು ಬರೆದುಕೊಡುವ ಚೀಟಿ ಊರು ಬೇರೆಯಾದರೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಇಲ್ಲಿ ಓದಲು ಹೊರಟಿರುವುದು ಯಾರೋ ಒಬ್ಬರ ಚೀಟಿಯಲ್ಲ, ಅಂಥ ಹಲವು ಚೀಟಿಗಳ ಸಾಮಾನ್ಯ ರೂಪ. ಮಾತ್ರೆ ನುಂಗಿದರೆ ಹೊಟ್ಟೆ ಉರಿಯುತ್ತದೆ, ಬಿಟ್ಟರೆ ಸೊಂಟ ಹಿಡಿಯುತ್ತದೆ ಎಂಬ ಇಕ್ಕಟ್ಟಿನಲ್ಲಿರುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರು ಚೀಟಿಯನ್ನು ಮೆಡಿಕಲ್ ಶಾಪಿಗೆ ಕೊಟ್ಟು ಸುಮ್ಮನಾಗಬಾರದು. ಅದರ ಪ್ರತಿ ಸಾಲೂ ಅವರಿಗೆ ಅರ್ಥವಾಗಬೇಕು. ಡಾಕ್ಟರನ್ನು ಬಿಟ್ಟು ನಡೆಯುವುದಕ್ಕಲ್ಲ, ಅವರೆದುರು ಕೂತಾಗ ಕೇಳಬೇಕಾದ್ದನ್ನು ಕೇಳುವುದಕ್ಕೆ.

1. “ಹೆಂಗಸು, 58 ವರ್ಷ. ಸೊಂಟನೋವು, 2 ವರ್ಷದಿಂದ.”

ಉಳುಕಿ ನಾಲ್ಕು ದಿನ ನೋಯುವುದು ಒಂದು ಬಗೆ, ಮೂರು ತಿಂಗಳು ದಾಟಿಯೂ ಉಳಿಯುವುದು ಇನ್ನೊಂದು ಬಗೆ. ದೀರ್ಘಕಾಲದ ನೋವು ಎನ್ನುವುದು ಎರಡನೆಯದಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು. ಇವರಲ್ಲಿ ಬಹುಪಾಲು ಜನರ ನೋವಿಗೆ ಮುರಿತ, ಸೋಂಕು, ಗಡ್ಡೆಯಂಥ ಕಾರಣವನ್ನು ಬೆರಳಿಟ್ಟು ತೋರಿಸಲಾಗದು. ಹಾಗೆಂದು ನೋವು ಸುಳ್ಳಲ್ಲ. ಮೊದಲು ಪೆಟ್ಟಾದ ಜಾಗ ಮಾಗಿದ ಮೇಲೂ ನರಮಂಡಲ ಎಚ್ಚರಿಕೆ ಕೊಡುವುದನ್ನು ನಿಲ್ಲಿಸದೆ ಇರಬಹುದು. ನಿದ್ದೆ ಕೆಟ್ಟಾಗ, ಚಿಂತೆ ಹೆಚ್ಚಿದಾಗ, ಓಡಾಟ ನಿಂತಾಗ ಅದು ಇನ್ನೂ ಜೋರಾಗುತ್ತದೆ. ನಾಲ್ಕು ದಿನದ ಉಳುಕಿಗೆ ಹೊಂದುವ ಮಾತ್ರೆಯನ್ನೇ ಎರಡು ವರ್ಷ ಎಳೆದರೆ ನೋವು ಹೋಗುವ ಭರವಸೆಯಿಲ್ಲ, ಅಡ್ಡಪರಿಣಾಮಕ್ಕೆ ಮಾತ್ರ ಎರಡು ವರ್ಷ ಬಾಗಿಲು ತೆರೆದಿರುತ್ತದೆ.

2. “ಬಿಪಿ ಇದೆ, ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ.”

ಯಾವ ಮಾತ್ರೆ ಎಂದು ಬರೆದಿಲ್ಲ. ಬಹಳ ಸಲ ರೋಗಿಗೂ ಹೆಸರು ಗೊತ್ತಿರುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ಐದೋ ಆರೋ ಮಾತ್ರೆ ಕೊಡುತ್ತಾರೆ. ಹೆಸರಿದ್ದ ತುಂಡು ಅಂಗಡಿಯಲ್ಲೇ ಉಳಿದು, ಬೆಳ್ಳಿ ಬಣ್ಣದ ಹಾಳೆಯ ಮೇಲೆ ಅರ್ಧ ಅಕ್ಷರ, ಅರ್ಧ ತಾರೀಖು ಮಾತ್ರ ಮನೆಗೆ ಬರುತ್ತದೆ. ಅದಕ್ಕೇ ಹೆಸರಿರುವ ತುಂಡನ್ನೇ ಕೇಳಿ ತರಬೇಕು, ಇಲ್ಲವೇ ಪೂರ್ತಿ ಸ್ಟ್ರಿಪ್ಪಿನ ಫೋಟೋ ತೆಗೆದಿಟ್ಟುಕೊಳ್ಳಬೇಕು. ಇದೇಕೆ ಇಷ್ಟು ಮುಖ್ಯ ಎಂಬುದು ನಾಲ್ಕನೆಯ ಸಾಲನ್ನು ಇದರ ಜೊತೆ ಸೇರಿಸಿ ಓದಿದಾಗ ತಿಳಿಯುತ್ತದೆ.

3. “ಎಂಆರ್‌ಐ: ಎಲ್4–ಎಲ್5 ಡಿಸ್ಕ್ ಬಲ್ಜ್.”

ರೋಗಿಯನ್ನು ಅತಿ ಹೆಚ್ಚು ಹೆದರಿಸುವ ಸಾಲು ಇದು: ಸೊಂಟದ ನಾಲ್ಕನೆಯ, ಐದನೆಯ ಮೂಳೆಗಳ ನಡುವಿನ ಡಿಸ್ಕ್ ಉಬ್ಬಿದೆ ಎಂದು ಇದರರ್ಥ. ಡಿಸ್ಕ್ ಜಾರಿದೆ, ಇನ್ನು ಬಗ್ಗುವಂತಿಲ್ಲ ಎಂದು ಮನೆಯವರೆಲ್ಲ ತೀರ್ಮಾನಿಸುತ್ತಾರೆ. ಆದರೆ ಸೊಂಟನೋವೇ ಇಲ್ಲದವರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಒಂದು ವಿಮರ್ಶೆಯಲ್ಲಿ, 50ರ ವಯಸ್ಸಿನವರಲ್ಲಿ ಶೇ. 60ರಷ್ಟು ಜನರಿಗೆ ಡಿಸ್ಕ್ ಉಬ್ಬಿರುವುದು ಕಂಡಿತ್ತು. ತಲೆಗೂದಲು ನರೆತಂತೆ ಡಿಸ್ಕೂ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಕಾಲಿಗೆ ಇಳಿಯುವ ಸೆಳೆತ, ಜೋಮು, ಬಲಹೀನತೆಗಳಿದ್ದು, ಸ್ಕ್ಯಾನಿನಲ್ಲಿ ಒತ್ತಿರುವ ನರಕ್ಕೂ ಅವಕ್ಕೂ ತಾಳೆಯಾದಾಗ ಮಾತ್ರ ಈ ಸಾಲಿಗೆ ತೂಕ ಬರುತ್ತದೆ.

4. “ಅಸೆಕ್ಲೋಫೆನಾಕ್ 100 + ಪ್ಯಾರಾಸಿಟಮಾಲ್ 325. 1–0–1, ಊಟದ ನಂತರ, 5 ದಿನ.”

ಬೆಳಿಗ್ಗೆ ಒಂದು, ರಾತ್ರಿ ಒಂದು. ಇದು ಒಂದೇ ಮಾತ್ರೆಯಾದರೂ ಒಳಗಿರುವುದು ಎರಡು ಔಷಧಿ. ಡೈಕ್ಲೋಫಿನಾಕ್, ಐಬುಪ್ರೊಫೇನ್‌ಗಳ ಕುಲಕ್ಕೇ ಸೇರಿದ್ದು ಅಸೆಕ್ಲೋಫೆನಾಕ್. ಈ ಕುಲದ ಔಷಧಿಗಳು ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವಿನ ತಯಾರಿಕೆಯನ್ನು ತಡೆಯುತ್ತವೆ. ಇದೇ ಕುಲದ ಆಸ್ಪಿರಿನ್ ಕೆಲಸ ಮಾಡುವ ಬಗೆಯೂ ಇದೇ ಎಂದು 1971ರಲ್ಲಿ ವಿಜ್ಞಾನಿ ಜಾನ್ ವೇನ್ ತೋರಿಸಿಕೊಟ್ಟರು. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲಿತ್ತು.

ಗುಣವೂ ದೋಷವೂ ಹುಟ್ಟುವುದು ಈ ಒಂದೇ ಜಾಗದಲ್ಲಿ. ನೋವು, ಊತಗಳನ್ನು ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್ನೇ ಜಠರದ ಒಳಪೊರೆಯನ್ನು ಆಮ್ಲದಿಂದ ಕಾಯುತ್ತದೆ, ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ಹಿಗ್ಗಿಸಿಡುತ್ತದೆ. ಔಷಧಿಗೆ ಸೊಂಟ ಯಾವುದು, ಜಠರ ಯಾವುದು ಎಂಬ ಭೇದ ತಿಳಿಯದು. ಮಾತ್ರೆ ‘ಹೀಟ್’ ಮಾಡುತ್ತದೆ ಎಂದು ಜನ ಹೇಳುವುದರ ಹಿಂದೆ ಅನೇಕ ಸಲ ಈ ಪೊರೆಯ ನಿಜವಾದ ಗಾಯ ಇರುತ್ತದೆ. ಗಾಯ ಬರೀ ಹೊಟ್ಟೆಯೊಳಗಿನ ಸ್ಪರ್ಶದಿಂದ ಆಗುವುದಲ್ಲ, ರಕ್ತದ ಮೂಲಕವೂ ಆಗುತ್ತದೆ. ಊಟದ ನಂತರ ತೆಗೆದುಕೊಂಡರೆ ಸಂಕಟ ಕಡಿಮೆಯಾಗಬಹುದು, ಹುಣ್ಣಿನ ಅಪಾಯ ಪೂರ್ತಿ ಹೋಗದು. ಇಂಜೆಕ್ಷನ್ ಆದರೆ ಹೊಟ್ಟೆಗೆ ತೊಂದರೆಯಿಲ್ಲ ಎಂಬ ನಂಬಿಕೆಯೂ ಇದೇ ಕಾರಣಕ್ಕೆ ತಪ್ಪು.

ಈಗ ಎರಡನೆಯ ಸಾಲಿಗೆ ಬರೋಣ. ಇವರ ಬಿಪಿ ಮಾತ್ರೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ್ದು ಎಂದಿಟ್ಟುಕೊಳ್ಳೋಣ, ಅದು ನಮ್ಮಲ್ಲಿ ತೀರಾ ಸಾಮಾನ್ಯವಾದ ಜೋಡಿ. ಮೊದಲನೆಯದು ಮೂತ್ರಪಿಂಡದ ಸೋಸುವ ಜಾಗದಿಂದ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಎರಡನೆಯದು ಮೂತ್ರ ಹೆಚ್ಚಿಸಿ ಮೈಯ ನೀರನ್ನು ಇಳಿಸುತ್ತದೆ. ಇವೆರಡೂ ತಮ್ಮಷ್ಟಕ್ಕೆ ಒಳ್ಳೆಯ ಔಷಧಿಗಳೇ. ಮೂರನೆಯದಾಗಿ ನೋವಿನ ಮಾತ್ರೆ ಬಂದು ಒಳಬರುವ ನಾಳವನ್ನೂ ಬಿಗಿಸಿದರೆ ಸೋಸಲು ಬೇಕಾದ ಒತ್ತಡ ಕುಸಿಯುತ್ತದೆ. ಭೇದಿಯಾದಾಗ, ಬಿಸಿಲಲ್ಲಿ ದುಡಿದು ನೀರು ಕುಡಿಯದಿದ್ದಾಗ ಈ ಅಪಾಯ ದೊಡ್ಡದು. ಸಾಲದ್ದಕ್ಕೆ ನೋವಿನ ಮಾತ್ರೆ ಬಿಪಿಯನ್ನೂ ಏರಿಸಬಲ್ಲದು. ಬಿಪಿ ಯಾಕೋ ಹತೋಟಿಗೆ ಬರುತ್ತಿಲ್ಲ ಎಂದು ಆ ಮಾತ್ರೆಯನ್ನು ಹೆಚ್ಚಿಸುವ ಮೊದಲು ಸೊಂಟನೋವಿಗೆ ಏನು ನುಂಗುತ್ತಿದ್ದಾರೆ ಎಂದು ಕೇಳಬೇಕು. ಆದರೆ ಬಿಪಿ ಮಾತ್ರೆಯನ್ನು ರೋಗಿ ತಾನಾಗಿ ನಿಲ್ಲಿಸಕೂಡದು.

ಹೊಟ್ಟೆಗೆ ಹಗುರವಾದ ನೋವಿನ ಮಾತ್ರೆ ಇಲ್ಲವೇ? ಇದೆ. ಎಟೋರಿಕಾಕ್ಸಿಬ್‌ನಂಥವು ಜಠರಕ್ಕೆ ಕಡಿಮೆ ತೊಂದರೆ ಕೊಡುತ್ತವೆ, ಆದರೆ ಬಿಪಿ ಏರಿಸುತ್ತವೆ, ಹೃದಯಕ್ಕೂ ಅಪಾಯ ತರಬಹುದು. ಅದೇ ಗುಂಪಿನ ರೋಫೆಕಾಕ್ಸಿಬ್ 2004ರಲ್ಲಿ ಹೃದಯಾಘಾತದ ಅಪಾಯದಿಂದಾಗಿ ಜಗತ್ತಿನ ಮಾರುಕಟ್ಟೆಯಿಂದಲೇ ಹೊರಬಿತ್ತು. ಮಾತ್ರೆ ಬದಲಾಯಿಸಿದಾಗ ಅಪಾಯ ಹೋಗುವುದಕ್ಕಿಂತ ಹೆಚ್ಚಾಗಿ ಜಾಗ ಬದಲಿಸುತ್ತದೆ. ಯಾವ ಅಂಗ ಮೊದಲೇ ಸೋತಿದೆ ಎಂದು ನೋಡಿ ಆರಿಸುವುದು ಡಾಕ್ಟರ ಕೆಲಸ. ಅದನ್ನು ಅವರಿಗೆ ಹೇಳುವುದು ನಮ್ಮ ಕೆಲಸ.

ಜೊತೆಗಿರುವ ಪ್ಯಾರಾಸಿಟಮಾಲ್ ಹೊಟ್ಟೆಗೂ ಮೂತ್ರಪಿಂಡಕ್ಕೂ ಸೌಮ್ಯವಾದದ್ದು. ಆದರೆ 2014ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ, ಹೊಸದಾಗಿ ಬಂದ ಸೊಂಟನೋವಿಗೆ ಅದು ಬರಿ ಹುಸಿ ಮಾತ್ರೆಗಿಂತ ಹೆಚ್ಚಿನ ಉಪಕಾರ ಮಾಡಲಿಲ್ಲ. ಇನ್ನೊಂದು ಎಚ್ಚರ: ಈ ಮಾತ್ರೆ ನಡೆಯುವಾಗಲೇ ಜ್ವರಕ್ಕೆಂದು ಡೋಲೋ ನುಂಗಿದರೆ ಪ್ಯಾರಾಸಿಟಮಾಲ್ ಎರಡು ಸಲ ಒಳಹೋಗುತ್ತದೆ. ಅದು ಅತಿಯಾದರೆ ಯಕೃತ್ತು ಕೆಡುತ್ತದೆ. ತಲೆನೋವಿಗೆಂದು ಕಾಂಬಿಫ್ಲಾಮ್ ಸೇರಿಸಿದರೆ ಒಂದೇ ಕುಲದ ಎರಡು ನೋವಿನ ಮಾತ್ರೆ ಒಟ್ಟಾಗುತ್ತವೆ.

ಸಾಲಿನ ಕೊನೆಯಲ್ಲಿ “5 ದಿನ” ಎಂದಿದೆ. ಅನೇಕರಿಗೆ ಕಾಣದೆ ಹೋಗುವ ಮಾತು ಇದೇ. ಅದೇ ಚೀಟಿ ತೋರಿಸಿ ಅದೇ ಮಾತ್ರೆಯನ್ನು ತಿಂಗಳುಗಟ್ಟಲೆ ತರುವವರಿದ್ದಾರೆ. ಅತಿ ಕಡಿಮೆ ಪ್ರಮಾಣ, ಅತಿ ಕಡಿಮೆ ದಿನ ಎಂಬುದು ಈ ಔಷಧಿಗಳಿಗೆಲ್ಲ ಸಲ್ಲುವ ನಿಯಮ.

5. “ಪ್ಯಾಂಟೊಪ್ರಜೋಲ್ 40. 1–0–0, ತಿಂಡಿಗೆ ಅರ್ಧ ಗಂಟೆ ಮೊದಲು.”

ಗ್ಯಾಸ್ ಮಾತ್ರೆ ಎಂದು ಕರೆಯುವ ಇದು ಆಮ್ಲವನ್ನು ಇಳಿಸಿ ಜಠರವನ್ನು ಕಾಯುತ್ತದೆ. 65 ದಾಟಿದವರಿಗೆ, ಹಿಂದೆ ಹುಣ್ಣಾದವರಿಗೆ, ಹೃದಯಕ್ಕೆ ಆಸ್ಪಿರಿನ್ ನುಂಗುತ್ತಿರುವವರಿಗೆ ಈ ಕಾವಲು ಬೇಕೇ ಬೇಕು. ಆದರೆ ಇದರ ಕಾವಲು ಜಠರದ ಆಸುಪಾಸಿಗಷ್ಟೆ. ಮೂತ್ರಪಿಂಡವನ್ನೋ ಹೃದಯವನ್ನೋ ಇದು ಕಾಯುವುದಿಲ್ಲ. ನೋವಿನ ಮಾತ್ರೆ ನಿಂತ ಮೇಲೆ ಇದೂ ಬೇಕೇ ಎಂದು ಡಾಕ್ಟರನ್ನು ಕೇಳಬೇಕು.

6. “ಪ್ರಿಗ್ಯಾಬಲಿನ್ 75. 0–0–1.”

ಇದು ನರದ ನೋವಿನ ಔಷಧಿ. ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವವರಿಗೆ ಉಪಯೋಗವಿದೆ. ಕಾಲಿಗೆ ಇಳಿಯುವ ಸೊಂಟದ ಸೆಳೆತಕ್ಕೆ ಕೊಟ್ಟು ನೋಡಿದ 2017ರ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಾಯಿತು. ಮಂಪರು, ಕಾಲೂತ, ತೂಕ ಏರುವುದೂ ಉಂಟು. ರಾತ್ರಿ ಬಚ್ಚಲಿಗೆ ಎದ್ದಾಗ ಜೋಲಿ ಹೊಡೆಯುವ ಹಿರಿಯರು ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮನೆಯವರೇ ಡಾಕ್ಟರಿಗೆ ತಿಳಿಸಬೇಕು. ಬಹಳ ದಿನ ತೆಗೆದುಕೊಂಡಿದ್ದರೆ ಒಮ್ಮೆಲೇ ನಿಲ್ಲಿಸದೆ ಡಾಕ್ಟರು ಹೇಳಿದಂತೆ ಇಳಿಸುತ್ತ ಬರಬೇಕು.

7. “ಸೊಂಟದ ಬೆಲ್ಟ್.”

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರತಂದ ಮಾರ್ಗಸೂಚಿ ದೀರ್ಘಕಾಲದ ಸೊಂಟನೋವಿಗೆ ಬೆಲ್ಟು, ಟ್ರ್ಯಾಕ್ಷನ್, ಅಫೀಮಿನ ಕುಲದ ಮಾತ್ರೆಗಳನ್ನು ವಾಡಿಕೆಯಾಗಿ ಕೊಡಬಾರದು ಎನ್ನುತ್ತದೆ. ಟ್ರಮಡಾಲ್ ಈ ಕೊನೆಯ ಗುಂಪಿಗೆ ಸೇರಿದ್ದು. ಅಡ್ಡಪರಿಣಾಮ ಇಲ್ಲವೆಂದು ಹೆಸರಿಲ್ಲದ ಪುಡಿ, ಗುಳಿಗೆಗಳ ಮೊರೆಹೋಗುವವರಿಗೂ ಇಲ್ಲೇ ಒಂದು ಮಾತು: ಅಂಥವುಗಳಲ್ಲಿ ಸ್ಟೆರಾಯ್ಡ್, ನೋವಿನ ಮಾತ್ರೆಯ ಪುಡಿ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ.

8. “ಭಾರ ಎತ್ತಬಾರದು. ಬೆನ್ನಿನ ವ್ಯಾಯಾಮ.”

ಚೀಟಿಯಲ್ಲಿ ಅತಿ ಕಡಿಮೆ ಜಾಗ ಪಡೆದ ಸಾಲು ಇದು. ಎರಡು ವರ್ಷದ ನೋವಿಗೆ ನಿಜವಾದ ಚಿಕಿತ್ಸೆ ಇರುವುದು ಮಾತ್ರ ಇಲ್ಲೇ. ಮಾತ್ರೆ ಇರುವುದು ಈ ಸಾಲನ್ನು ನಡೆಸುವಷ್ಟು ನೋವು ಇಳಿಸಿಕೊಡಲು.

ಮೊದಲ ಅರ್ಧವನ್ನು ಎಂದೆಂದಿಗೂ ಎಂದು ಓದಬಾರದು. ಬಿಂದಿಗೆ ಎತ್ತದೆ, ಗದ್ದೆಯಲ್ಲಿ ಬಗ್ಗಿ ಕಳೆ ಕೀಳದೆ ನಡೆಯದ ಮನೆಗಳಿವೆ. ಅವರಿಗೆ ಬೇಕಾದ್ದು ನಿಷೇಧವಲ್ಲ, ಹಂಚಿಕೆ: ನೋವು ಹೆಚ್ಚಿದ್ದಾಗ ಅರ್ಧ ಬಿಂದಿಗೆ, ಎರಡು ಸಲ. ಕಳೆ ಕೀಳುವಾಗ ಸೊಂಟ ಹಿಡಿಯುವ ಮುಂಚೆಯೇ ಎದ್ದು ಬೇರೆ ಕೆಲಸ. ಸ್ವಲ್ಪ ಹಗುರವೆನಿಸಿದ ದಿನ ವಾರದ ಬಟ್ಟೆಯನ್ನೆಲ್ಲ ಒಗೆದು ಮರುದಿನ ಹಾಸಿಗೆ ಹಿಡಿಯುವುದು ಈ ನೋವನ್ನು ಬೆಳೆಸುವ ಅಭ್ಯಾಸ.

ಇನ್ನರ್ಧಕ್ಕೆ ಒಂದು ವ್ಯಾಯಾಮವನ್ನೇ ನೋಡೋಣ. ಚಾಪೆಯ ಮೇಲೆ ಅಂಗೈ, ಮಂಡಿ ಊರಬೇಕು. ಬೆನ್ನು ಉಬ್ಬದೆ, ತಗ್ಗದೆ ಸಮವಾಗಿರಲಿ. ಬಲಗೈಯನ್ನು ಮುಂದಕ್ಕೆ, ಎಡಗಾಲನ್ನು ಹಿಂದಕ್ಕೆ ನಿಧಾನ ಚಾಚಿ, ಉಸಿರು ಕಟ್ಟದೆ ಐದು ಎಣಿಸಿ ಇಳಿಸಬೇಕು. ಆಮೇಲೆ ಎಡಗೈ, ಬಲಗಾಲು. ಸೊಂಟ ಒಂದು ಕಡೆಗೆ ವಾಲಿದರೆ ಕೈ ಬಿಟ್ಟು ಕಾಲಷ್ಟೇ ಚಾಚಿದರೂ ಸಾಕು. ಮಾಡುವಾಗ ತುಸು ನೋವು ಬಂದು ಮರುದಿನದೊಳಗೆ ಇಳಿದರೆ ಅದು ಹಾನಿಯ ಗುರುತಲ್ಲ. ಮರುದಿನ ಹೆಚ್ಚಾಗಿದ್ದರೆ ಎಣಿಕೆ ಇಳಿಸಿಕೊಳ್ಳಬೇಕು, ಬಿಡಬೇಕಾಗಿಲ್ಲ.

ನಡಿಗೆಯೂ ಔಷಧಿಯೇ. ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಿಳಿವಳಿಕೆಯ ಜೊತೆ ನಡಿಗೆಯನ್ನು ಹಂತಹಂತವಾಗಿ ಹೆಚ್ಚಿಸಿದವರಿಗೆ ನೋವು ಮರುಕಳಿಸಲು ಮಧ್ಯಾಂಕದ ಲೆಕ್ಕದಲ್ಲಿ 208 ದಿನ ಹಿಡಿಯಿತು, ಉಳಿದವರಿಗೆ 112 ದಿನ. ಹತ್ತು ನಿಮಿಷವೂ ಆಗದವರು ಐದರಿಂದ ಶುರುಮಾಡಲಿ. ಶಾಖ ಕೊಡುವುದು, ಸಮಯಕ್ಕೆ ಮಲಗುವುದು, ನೋವಿನ ಭಯವನ್ನು ಆಪ್ತಸಲಹೆಗಾರರ ಬಳಿ ಬಿಡಿಸಿಕೊಳ್ಳುವುದು ಇವೆಲ್ಲ ಇದಕ್ಕೆ ಬೆಂಬಲ.

9. “15 ದಿನ ಬಿಟ್ಟು ಬರುವುದು.”

ಕೆಲವು ಲಕ್ಷಣಗಳಿಗೆ 15 ದಿನ ಕಾಯುವಂತಿಲ್ಲ. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ಮೂತ್ರ ಕಡಿಮೆಯಾಗಿ ಮುಖ, ಕಾಲು ಊದಿದರೆ, ಎದೆ ಹಿಡಿದರೆ, ಉಬ್ಬಸ ಬಂದರೆ ನೋವಿನ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ತೊಡೆಸಂದಿ, ಕೂರುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕಾಲು ಸೋಲುತ್ತ ಬಂದರೆ ಒಂದು ಗಂಟೆಯೂ ತಡಮಾಡಬಾರದು. ಸೊಂಟನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೂ ಬೇಗ ತೋರಿಸಬೇಕು.

ಉಳಿದವರು ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಲಿ. ನೋವು ಎಷ್ಟಿದೆ ಎಂಬುದರ ಜೊತೆಗೆ ಈಗ ಎಷ್ಟು ದೂರ ನಡೆಯುತ್ತೇನೆ, ಎಷ್ಟು ಹೊತ್ತು ನಿಲ್ಲುತ್ತೇನೆ, ಮಾತ್ರೆಯಿಂದ ಏನು ತೊಂದರೆಯಾಯಿತು ಎಂದೂ ಹೇಳಲಿ. ಮೂತ್ರಪಿಂಡದ ರಕ್ತಪರೀಕ್ಷೆ ಬೇಕೇ ಎಂದು ಕೇಳಲಿ. ಕೊನೆಗೆ ಒಂದನ್ನು ಒತ್ತಾಯಿಸಿಯಾದರೂ ಕೇಳಲಿ: “ಡಾಕ್ಟ್ರೇ, ಮಾತ್ರೆಗೆ 1–0–1 ಎಂದು ಬರೆದ ಹಾಗೆ ವ್ಯಾಯಾಮಕ್ಕೂ ಬರೆದುಕೊಡಿ. ಯಾವುದು, ಎಷ್ಟು ಸಲ, ಎಷ್ಟು ವಾರ?” ನೋವಿನ ಮಾತ್ರೆ ಒಗ್ಗದವರಿಗೆ ದಾರಿಯೇ ಇಲ್ಲ ಎನ್ನುವುದು ನಿಜವಲ್ಲ. ದಾರಿಯನ್ನು ಅಳತೆ ಹಾಕಿ ಬರೆದುಕೊಡಬೇಕಾಗಿದೆ. ಅದನ್ನು ಕೇಳಿ ಪಡೆಯುವ ಹಕ್ಕು ಪ್ರತಿ ರೋಗಿಗೂ ಇದೆ.