ಸ್ಪಷ್ಟ ಧ್ವನಿ ಯಾರ ಕಿವಿಗೆ?

ಆಕಾಶವಾಣಿಯ ಡಿಜಿಟಲ್ ಪ್ರಸಾರದ ಮಾತು ಬಂದಾಗಲೆಲ್ಲ ಕೇಳಿಬರುವ ಹೊಗಳಿಕೆ ಒಂದೇ: ಗೊರಗೊರ ಸದ್ದಿಲ್ಲದ, ಎಫ್‌ಎಂಗೆ ಸರಿಸಾಟಿಯಾದ ಧ್ವನಿ. ಇದರಲ್ಲಿ ಸುಳ್ಳಿಲ್ಲ. ಆದರೆ ಧ್ವನಿಯ ಗುಣಮಟ್ಟವನ್ನು ಪ್ರಸಾರ ಗೋಪುರದ ಬುಡದಲ್ಲಿ ನಿಂತು ಅಳೆಯಬೇಕೋ, ಸಿರುಗುಪ್ಪ ಸೀಮೆಯ ದೇಶನೂರಿನಂಥ ಊರಿನ ಪಡಸಾಲೆಯಲ್ಲಿ ಕುಳಿತು ಅಳೆಯಬೇಕೋ?

ದೇಶನೂರಿಗೆ ಕನ್ನಡ ಬಾನುಲಿ ಬರಬೇಕಾದ ದಾರಿಗಳನ್ನು ನೋಡಿ. ಧಾರವಾಡದ 765 ಕಿಲೋಹರ್ಟ್ಸ್ ಕೇಂದ್ರ ಸುಮಾರು 200 ಕಿ.ಮೀ. ದೂರ. ಕಲಬುರಗಿಯೂ ಹೆಚ್ಚುಕಡಿಮೆ ಅಷ್ಟೇ. ಹೊಸಪೇಟೆಯ ಎಫ್‌ಎಂ ಕೇಂದ್ರ ನೇರ ರೇಖೆಯಲ್ಲೇ 60 ಕಿ.ಮೀ. ಆಸುಪಾಸು. ಎಫ್‌ಎಂ ಅಲೆ ಬಹುಮಟ್ಟಿಗೆ ಕಣ್ಣೋಟದಂತೆ ನೇರ ಸಾಗುತ್ತದೆ, ದೂರ ಹೋದಂತೆ ಸೊರಗುತ್ತದೆ. ಮಧ್ಯಮ ತರಂಗ ನೆಲವನ್ನು ಅಪ್ಪಿಕೊಂಡು ದೂರ ಬರುತ್ತದೆ. ಆದರೆ ಪಂಪ್‌ಸೆಟ್ಟಿನ ಸ್ಟಾರ್ಟರ್, ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್‌ಗಳ ಗದ್ದಲವೂ ಅದರ ಜೊತೆ ಸೇರಿಕೊಳ್ಳುತ್ತದೆ.

ಮಧ್ಯಮ ತರಂಗದಲ್ಲಿ ಒಂದು ಕೇಂದ್ರಕ್ಕೆ ಸಿಗುವ ಜಾಗ 9 ಕಿಲೋಹರ್ಟ್ಸ್. ಅದರಲ್ಲಿ ಸುಮಾರು 4.5 ಕಿಲೋಹರ್ಟ್ಸ್‌ವರೆಗಿನ ಧ್ವನಿ ಮಾತ್ರ ಹಿಡಿಸುತ್ತದೆ, ಎಫ್‌ಎಂನಲ್ಲಿ 15ರವರೆಗೆ. ಸಕಾರದ ಸೀಟಿಯಂಥ ಸದ್ದು ಹೆಚ್ಚಾಗಿ ಇರುವುದು ಈ 4.5ರಿಂದ ಮೇಲೆಯೇ. ಅಂದರೆ ಹಳೆಯ ರೇಡಿಯೊದ ಕನ್ನಡವನ್ನು ನಾವು ಅರ್ಧ ಕಿವಿಯಿಂದ, ಅರ್ಧ ಊಹೆಯಿಂದ ಕೇಳುತ್ತ ಬಂದವರು. ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿ ಅಷ್ಟೇ ಜಾಗದಲ್ಲಿ ಧ್ವನಿಯನ್ನು ಅಂಕಿಗಳಾಗಿ ಕುಗ್ಗಿಸಿ ಕಳುಹಿಸುವುದರಿಂದ ಆ ಕಳೆದುಹೋದ ಭಾಗ ಮರಳಿ ಬರುತ್ತದೆ. ಆದರೆ ಅದೇ ಜಾಗದಲ್ಲಿ ಎರಡು ಮೂರು ಕಾರ್ಯಕ್ರಮಗಳನ್ನು ತುರುಕಿದರೆ ಪ್ರತಿಯೊಂದರ ಪಾಲೂ ಕಿರಿದಾಗುತ್ತದೆ. ಆಗ ಮಾತು ತಿಳಿದೀತು, ತಂಬೂರಿಯ ನಾದ ಮಾತ್ರ ಡಬ್ಬಿಯೊಳಗಿಂದ ಬಂದಂತಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ಹಳೆಯ ಪ್ರಸಾರ ಸೊರಗಿದಾಗ ಗೊಣಗುತ್ತದೆ. ಡಿಜಿಟಲ್ ಸೊರಗಿದಾಗ ಮೌನವಾಗುತ್ತದೆ. ಗೊಣಗುವ ರೇಡಿಯೊವನ್ನು ತಿರುಗಿಸಿ, ಕಿಟಕಿಯಲ್ಲಿಟ್ಟು, ಕಿವಿಗೊಟ್ಟು ನಾಲ್ಕು ಮಾತು ಹಿಡಿಯಬಹುದು. ಮೌನದಿಂದ ಏನನ್ನು ಹಿಡಿಯುವುದು?

ಭಾರತದಲ್ಲಿ ಡಿಆರ್‌ಎಂ ಪ್ರಸಾರ 2009ರಲ್ಲಿ ದೆಹಲಿ ಬಳಿಯ ಖಾಂಪುರದಿಂದ ಮೊದಲಾಯಿತು. ನಂತರ ಬೆಂಗಳೂರು, ಧಾರವಾಡವೂ ಸೇರಿ 30ಕ್ಕೂ ಹೆಚ್ಚು ಮಧ್ಯಮ ತರಂಗ ಕೇಂದ್ರಗಳಿಗೆ ಡಿಜಿಟಲ್ ಸಾಮರ್ಥ್ಯದ ಯಂತ್ರಗಳು ಬಂದವು. ಜನರ ಹಣದಿಂದ ಗೋಪುರಗಳೇನೋ ಸಜ್ಜಾದವು. ಕೇಳುವ ಪೆಟ್ಟಿಗೆ ಮಾತ್ರ ಬಂದು ಸೇರಿದ್ದು ಹೆಚ್ಚಾಗಿ ಹೊಸ ಕಾರುಗಳಿಗೆ. ಕೆಲವು ನೂರು ರೂಪಾಯಿಗೆ ಸಿಗುವ ಟ್ರಾನ್ಸಿಸ್ಟರ್ ಎಲ್ಲಿ, ಸಾವಿರಾರು ರೂಪಾಯಿಯ ಡಿಜಿಟಲ್ ಸೆಟ್ ಎಲ್ಲಿ? ಭತ್ತದ ಗದ್ದೆಯ ಬದುವಿನಲ್ಲಿ ಕೂತವನ ಬಳಿ ಕಾರಿಲ್ಲ. 2004ರಲ್ಲಿ ಶುರುವಾದ ಕಿಸಾನ್ ವಾಣಿ ಯಾರನ್ನು ನೆನೆದು ರೂಪುಗೊಂಡಿತ್ತೋ ಅವನೇ ಈ ಲೆಕ್ಕದಿಂದ ಹೊರಗುಳಿದಿದ್ದಾನೆ.

ಮೊಬೈಲಿನಲ್ಲಿ ಆಕಾಶವಾಣಿಯ ಆ್ಯಪ್ ಇದೆಯಲ್ಲ ಎನ್ನುವವರಿದ್ದಾರೆ. ನಿಜ, ಟವರ್ ಗಟ್ಟಿಯಾಗಿದ್ದಾಗ ಅದರ ಧ್ವನಿ ಚೆನ್ನಾಗಿಯೇ ಇರುತ್ತದೆ. ಆದರೆ ಟವರಿಗೆ ವಿದ್ಯುತ್ ಬೇಕು, ಫೋನಿಗೆ ಡೇಟಾ ಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಸಿರುಗುಪ್ಪ ತಾಲ್ಲೂಕಿನ ನದಿ ದಂಡೆಯ ಊರುಗಳಿಗೂ ಎಚ್ಚರಿಕೆ ತಲುಪಬೇಕಾಗಿತ್ತು. ಅಂಥ ರಾತ್ರಿಯಲ್ಲಿ ಎಲ್ಲರೂ ಒಮ್ಮೆಗೇ ಫೋನ್ ಹಿಡಿದರೆ ಜಾಲ ಕಟ್ಟಿಕೊಳ್ಳುತ್ತದೆ. ಬಾನುಲಿಗೆ ಆ ಭಯವಿಲ್ಲ. ಕೇಳುವವರು ಹತ್ತಿರಲಿ, ಹತ್ತು ಲಕ್ಷವಿರಲಿ, ಅಲೆ ಒಂದೇ. ಡಿಆರ್‌ಎಂನಲ್ಲಿ ವಿಪತ್ತಿನ ಸೂಚನೆ ಬಂದೊಡನೆ ರೇಡಿಯೊ ತಾನಾಗಿ ಆ ಪ್ರಸಾರಕ್ಕೆ ಹೊರಳುವ ಏರ್ಪಾಡೂ ಇದೆ. ಸೆಟ್ಟೇ ಇಲ್ಲದ ಮನೆಯಲ್ಲಿ ಅದು ಹೊರಳುವುದಾದರೂ ಎಲ್ಲಿ?

ಆದ್ದರಿಂದ ಡಿಜಿಟಲ್ ಬೇಡವೆಂಬುದು ಇಲ್ಲಿನ ವಾದವಲ್ಲ. ಬಡವರ ಕೈಗೆ ಎಟಕುವ ಸೆಟ್ ಬರುವ ತನಕ ಹಳೆಯ ಪ್ರಸಾರವನ್ನು ಆರಿಸಬಾರದು. ಧ್ವನಿ ಎಷ್ಟು ಚೆನ್ನಾಗಿದೆಯೆಂದು ಹೇಳುವವರು ಅದು ಯಾವ ಊರಿನವರೆಗೆ, ಯಾವ ಹೊತ್ತಿನಲ್ಲಿ, ಎಷ್ಟು ಬೆಲೆಯ ಪೆಟ್ಟಿಗೆಯಲ್ಲಿ ಎಂಬುದನ್ನೂ ಹೇಳಬೇಕು. ಕೇಳುಗನನ್ನು ತಲುಪದ ಸ್ಪಷ್ಟತೆಗಿಂತ ತಲುಪುವ ಗೊರಗೊರವೇ ಮೇಲು.