ತಲೆಕೆಳಗು ಸಲಹೆಯ ರುಚಿ: ರಸಿಕರಿಗೊಂದು ಕೈಪಿಡಿ

ಫೋನಿನ ಚಟ ಬಿಡಬೇಕೆನ್ನುವವರಿಗೆ ಒಂದು ಉಪಾಯ. ಫೋನನ್ನು ಅಕ್ಕಿ ಡಬ್ಬಿಯ ತಳದಲ್ಲಿ ಹೂತಿಡಿ. ನೋಡಬೇಕೆನಿಸಿದಾಗಲೆಲ್ಲ ಮೊದಲು ಒಂದು ಪಾವು ಅಕ್ಕಿ ಅಳೆದು ತೆಗೆಯಿರಿ. ತೆಗೆದದ್ದನ್ನು ಮತ್ತೆ ಡಬ್ಬಿಗೆ ಸುರಿಯುವಂತಿಲ್ಲ, ಅನ್ನವನ್ನೇ ಮಾಡಬೇಕು. 20 ಸಲ ನೋಡಿದಿರಾದರೆ ಮಧ್ಯಾಹ್ನಕ್ಕೆ 40 ಜನರ ಅನ್ನ ಸಿದ್ಧ. ಉಣ್ಣಲು ಜನ ಬೇಕು. ಜನರನ್ನು ಕರೆಯಲು ಫೋನ್ ಬೇಕು. ಫೋನ್ ಡಬ್ಬಿಯಲ್ಲಿದೆ. ಒಂದು ಪಾವು ಅಳೆಯಿರಿ.

ಇದು ಈ ಲೇಖನಕ್ಕೆಂದೇ ನಾನು ಬರೆದ ಮಾದರಿ. ನಗೆಬರಹದಲ್ಲಿ ತಲೆಕೆಳಗು ಸಲಹೆಯದ್ದೇ ಒಂದು ಜಾತಿ. ಹೊಸದಾಗಿ ಓದುವವರು ಇದನ್ನು ಜೋಕು ಎಂದುಕೊಂಡು ಕೊನೆಯ ಸಾಲಿಗೆ ಓಡುತ್ತಾರೆ. ಓಡಬೇಡಿ. ಇದರ ರುಚಿ ಇರುವುದು ನಡುವಿನ ಸಾಲುಗಳಲ್ಲಿ.

ಮೊದಲ ಹೆಜ್ಜೆಯನ್ನೇ ನೋಡಿ. ಫೋನನ್ನು ಕೈಗೆ ಸಿಗದ ಕಡೆ ಇಡಿ ಎನ್ನುವುದು ನಿಜವಾಗಿ ಒಳ್ಳೆಯ ಸಲಹೆ, ಯಾರು ಬೇಕಾದರೂ ಹೇಳುವಂಥದ್ದೇ. ಎರಡನೆಯದನ್ನೂ ಒಪ್ಪಬಹುದು. ದಾರಿ ತಪ್ಪುವುದು ‘ಅನ್ನವನ್ನೇ ಮಾಡಬೇಕು’ ಎನ್ನುವಲ್ಲಿ. ಅಲ್ಲಿಂದಾಚೆಗೆ ತರ್ಕ ಎಲ್ಲೂ ಮುರಿಯುವುದಿಲ್ಲ. ಹಾಕಿದ ನಿಯಮವೇ ನಮ್ಮನ್ನು ಕೈಹಿಡಿದು ಹಳ್ಳಕ್ಕೆ ಇಳಿಸುತ್ತದೆ. ಒಳ್ಳೆಯ ತಲೆಕೆಳಗು ಸಲಹೆಯಲ್ಲಿ ಇಂಥ ತಿರುವು ಒಂದೇ ಇರುತ್ತದೆ. ಅದನ್ನು ಬೆರಳಿಟ್ಟು ತೋರಿಸಲು ಕಲಿತರೆ ನೀವು ಅರ್ಧ ರಸಿಕರಾದಿರಿ.

ಇನ್ನು ಪಾವು. ‘ಸ್ವಲ್ಪ ಅಕ್ಕಿ ತೆಗೆಯಿರಿ’ ಎಂದು ಬರೆದು ನೋಡಿ, ಎಲ್ಲ ಸತ್ತುಹೋಗುತ್ತದೆ. ಒಂದು ಪಾವಿಗೆ ಇಬ್ಬರ ಊಟ ಎಂಬ ಲೆಕ್ಕ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ಲೆಕ್ಕ ಸರಿಯಾಗಿದ್ದರೇನೇ 40 ಜನ ನಿಜವಾಗಿ ಬಂದು ಪಂಕ್ತಿಯಲ್ಲಿ ಕೂರುತ್ತಾರೆ. ಅಸಂಬದ್ಧಕ್ಕೆ ಅಳತೆ ಕರಾರುವಾಕ್ಕಾಗಿರಬೇಕು. ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲೇ: ಹುಚ್ಚುಚ್ಚಾಗಿ ಬರೆದರೆ ನಗು ತಾನಾಗಿ ಬರುತ್ತದೆಂದು ನಂಬಿಬಿಡುತ್ತಾರೆ.

ಈ ಜಾತಿ ಹಳೆಯದು. 17ನೇ ಶತಮಾನದಲ್ಲಿ ಮಧುರೆಯಲ್ಲಿದ್ದ ನೀಲಕಂಠ ದೀಕ್ಷಿತರ ಸಂಸ್ಕೃತ ‘ಕಲಿವಿಡಂಬನ’ ಏನನ್ನೂ ಓದದೆ ಸಭೆಯಲ್ಲಿ ವಾದ ಗೆಲ್ಲುವ ಉಪಾಯದಿಂದಲೇ ಶುರುವಾಗುತ್ತದೆ. ಮುಂದೆ ಜ್ಯೋತಿಷಿ, ವೈದ್ಯ, ಸಾಲ ಕೊಡುವವ, ನೆಂಟರು ಎಲ್ಲರ ಸರದಿ. ಇಂಗ್ಲಿಷಿನಲ್ಲಿ ಜೊನಾಥನ್ ಸ್ವಿಫ್ಟ್ ತೀರಿಕೊಂಡ 1745ರಲ್ಲೇ ಅಚ್ಚಾದ ಅವನ ‘ಡೈರೆಕ್ಷನ್ಸ್ ಟು ಸರ್ವೆಂಟ್ಸ್’ ಮನೆಯಾಳುಗಳಿಗೆ ಯಜಮಾನರನ್ನು ಯಾಮಾರಿಸುವ ಪಾಠ ಹೇಳಿಕೊಡುತ್ತದೆ, ಅಡುಗೆಯವರಿಗೆ ಬೇರೆ ಅಧ್ಯಾಯ, ಬಟ್ಲರ್‌ಗೆ ಬೇರೆ. ಆ ಮನೆಗಳ ಒಳಹೊರಗು ಚೆನ್ನಾಗಿ ಬಲ್ಲವನಿಗೆ ಮಾತ್ರ ಅದನ್ನು ಬರೆಯಲು ಸಾಧ್ಯ.

ಕನ್ನಡದಲ್ಲಿ ನನಗೆ ಎಲ್ಲಕ್ಕಿಂತ ಆಪ್ತವಾದ ಹೆಸರು ರಾಶಿ. ಆ ಹೆಸರಿನಲ್ಲಿ ಬರೆಯುತ್ತಿದ್ದ ವೈದ್ಯ ಡಾ. ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ ಎಂಬ ನಗೆಪತ್ರಿಕೆ ಶುರುಮಾಡಿದರು, 1967ರವರೆಗೆ ಅದು ನಡೆಯಿತು. ಅದೇ ಶಿವರಾಂ ಅವರ ‘ಮನಮಂಥನ’ ಎಂಬ ಮನಶ್ಶಾಸ್ತ್ರದ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರೋಗಿಯ ಮಾತನ್ನು ಕಿವಿಗೊಟ್ಟು ಕೇಳಿ ಔಷಧಿ ಬರೆದ ಕೈಯೇ ನಗೆಯನ್ನೂ ಬರೆಯಿತು. ಇದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ತಲೆಕೆಳಗು ಸಲಹೆಯ ಕೆಳಗೆ ಒಂದು ನಿಜವಾದ ನೋವು ಇರಲೇಬೇಕು. ರಾತ್ರಿ ಎರಡು ಗಂಟೆಗೆ ಫೋನ್ ಕೆಳಗಿಡಲಾಗದೆ ಒದ್ದಾಡಿದವರಿಗಷ್ಟೇ ಅಕ್ಕಿ ಡಬ್ಬಿ ಹೊಳೆಯುತ್ತದೆ. ನೋವಿಲ್ಲದೆ ಬರೆದದ್ದು ಬರೀ ಕೀಟಲೆ.

ನಾ. ಕಸ್ತೂರಿಯವರ ‘ಅನರ್ಥಕೋಶ’ ತಲೆಕೆಳಗು ಸಲಹೆಯ ಒಡಹುಟ್ಟು. ಅಲ್ಲಿ ಸಲಹೆಯ ಬದಲು ನಿಘಂಟಿನ ವೇಷ. ಹೊಸಬರು ಇಲ್ಲಿಂದಲೇ ಆರಂಭಿಸುವುದು ಲೇಸು. ಆದರೆ ಒಮ್ಮೆಗೇ ಓದಿ ಮುಗಿಸಬೇಡಿ, ದಿನಕ್ಕೆ ಒಂದು ಪುಟ ಸಾಕು. ನಗೆ ಬೇಗ ಹೊಟ್ಟೆ ತುಂಬಿಸುತ್ತದೆ, ಆಮೇಲೆ ನಾಲಿಗೆಗೆ ರುಚಿ ಹತ್ತುವುದಿಲ್ಲ.

ಮತ್ತು ಗಟ್ಟಿಯಾಗಿ ಓದಿ. ಇದನ್ನು ನಾನು ಕಲಿತದ್ದು ಸೋದರತ್ತೆಯಿಂದ. ವಾರಪತ್ರಿಕೆ ಬಂದ ಸಂಜೆ ಅವರು ನಡುಮನೆಯ ಕಂಬಕ್ಕೆ ಒರಗಿ, ಕನ್ನಡಕ ಮೇಲೇರಿಸಿಕೊಂಡು, ಪಂಚಾಂಗ ಓದುವ ದನಿಯಲ್ಲೇ ನಗೆಬರಹ ಓದುತ್ತಿದ್ದರು. ನಾವು ಮಕ್ಕಳು ಉರುಳಾಡಿ ನಗುತ್ತಿದ್ದರೂ ಅವರ ತುಟಿ ಅಲುಗುತ್ತಿರಲಿಲ್ಲ. “ಸುಮ್ನೆ ಕೂತ್ಕೊಳ್ರೋ, ಇನ್ನೂ ಮುಗಿದಿಲ್ಲ” ಎಂದು ಗದರಿ ಮುಂದಿನ ಸಾಲಿಗೆ ಹೋಗುವರು. ಓದಿ ಮುಗಿಸಿ, ಪತ್ರಿಕೆ ಮಡಚಿಟ್ಟು, ಸಾರಿಗೆ ಒಗ್ಗರಣೆ ಹಾಕಲು ಎದ್ದು ಹೋಗುವರು. ಸಾಸಿವೆ ಸಿಡಿಯುವ ಸದ್ದಿನ ನಡುವೆ, ಒಬ್ಬರೇ ಇರುವಾಗ, ಅವರು ನಗುವುದು ಕೇಳಿಸುತ್ತಿತ್ತು.